ದುಡಿಯುವವನ ಉಪಕರಣ ಯಾರದು?

(ಬೆಟಗೇರಿಯಲ್ಲಿ ಫೋಟೋ ಸ್ಟುಡಿಯೋ, ಫ್ಲೆಕ್ಸ್ ಅಂಗಡಿ ಹಾಗೂ ಛಾಪಖಾನೆಗಳ ಮಾಲೀಕರೂ ಕೆಲಸಗಾರರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



"ಫೋಟೋ ತಿದ್ದುವವರ ನಡುವೆ ಪಕ್ಷದವರಿಗೇನು ಕೆಲಸ?" ಎಂದು ನಿಮ್ಮಲ್ಲೊಬ್ಬರು ಬಾಗಿಲಲ್ಲಿಯೇ ನಮ್ಮನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಕೂಲಿ, ಬೋನಸ್ಸು, ಸಂತೆಯ ಕರ ಇವುಗಳನ್ನು ಕುರಿತು ಮಾತನಾಡಿ ನಮಗೆ ಅಭ್ಯಾಸ. ಆದರೆ ಇದೇ ಓಣಿಯಲ್ಲಿ ತಂದೆ ಗಿರಣಿಯಲ್ಲಿ ದುಡಿದು ಬಂದು ಮಲಗಿದ ಮೇಲೂ ಮಗ ರಾತ್ರಿ ಹನ್ನೊಂದರ ತನಕ ಕಂಪ್ಯೂಟರಿನ ಮುಂದೆ ಕುಳಿತು ಯಾರದೋ ಮದುವೆಯ ಆಲ್ಬಮ್ ಸಿದ್ಧಮಾಡುತ್ತಿರುತ್ತಾನೆ. ಅವನ ಕೂಲಿಯ ಮಾತನ್ನು ಇನ್ನೊಂದು ಸಲ ಆಡೋಣ. ಇಂದು ಅವನ ಕೈಯಲ್ಲಿರುವ ಉಪಕರಣದ ಮಾತು.

ನಮ್ಮ ದರ್ಜಿಗಳನ್ನು ನೆನೆಯಿರಿ. ಹೊಲಿಗೆ ಯಂತ್ರವನ್ನು ಕಂತಿನ ಮೇಲೆ ತಂದರು. ಕಂತು ತೀರುವ ತನಕ ಹೊಟ್ಟೆ ಕಟ್ಟಿದರು. ತೀರಿದ ದಿನ ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಅಂದಿನಿಂದ ಅದು ಅವರದು. ಕಷ್ಟಕಾಲದಲ್ಲಿ ಒತ್ತೆಗೆ ಹೋಯಿತು, ಬಿಡಿಸಿಕೊಂಡು ಬಂದರು, ಮಗನ ಕೈಗೆ ಕೊಟ್ಟರು. ಕಂತಿಗೂ ಬಾಡಿಗೆಗೂ ಇರುವ ಭೇದ ಇಷ್ಟೇ: ಕಂತಿಗೆ ಕೊನೆಯುಂಟು.

ಫೋಟೋಶಾಪ್ ಎಂಬ ತಂತ್ರಾಂಶವನ್ನು ಅಮೆರಿಕದ ನೋಲ್ ಎಂಬ ಅಣ್ಣತಮ್ಮಂದಿರು ಕಟ್ಟಿದರು. ಅಡೋಬಿ ಕಂಪನಿ 1990ರಲ್ಲಿ ಅದನ್ನು ಪೇಟೆಗೆ ತಂದಿತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದನ್ನು ದುಡ್ಡು ಕೊಟ್ಟು ಕೊಂಡುಕೊಳ್ಳಬಹುದಾಗಿತ್ತು. 2012ರಲ್ಲಿ ಬಂದ ಸಿಎಸ್ 6 ಎಂಬುದರ ಬೆಲೆ 699 ಡಾಲರು. ಬೆಲೆ ವಿಪರೀತವೇ, ಆದರೆ ಒಮ್ಮೆ ಕೊಟ್ಟರೆ ಮುಗಿಯಿತು, ಯಂತ್ರ ನಡೆಯುವ ತನಕ ನಡೆಸಬಹುದು. 2013ರ ಮೇ ತಿಂಗಳಲ್ಲಿ ಕಂಪನಿ ಸಾರಿತು: ಇನ್ನು ಮುಂದಿನ ಆವೃತ್ತಿಗಳನ್ನು ಮಾರುವುದಿಲ್ಲ, ತಿಂಗಳ ಚಂದಾಕ್ಕೆ ಬಳಸಲು ಕೊಡುತ್ತೇವೆ. ಚಂದಾ ನಿಂತರೆ ಉಪಕರಣವೂ ನಿಲ್ಲುತ್ತದೆ. ಛಾಯಾಗ್ರಾಹಕರು ಬಳಸುವ ಲೈಟ್‌ರೂಮ್‌ನ ಗತಿಯೂ ಮುಂದೆ ಇದೇ ಆಯಿತು.

ಚಂದಾ ಎಂದೊಡನೆ ನೀವು ನಗುವಿರೆಂದು ಬಲ್ಲೆವು. ನಮ್ಮ ಈ ವಾರಪತ್ರಿಕೆಯೂ ಚಂದಾದ ಮೇಲೆಯೇ ನಡೆಯುತ್ತಿದೆ, ಬಾಕಿ ಉಳಿಸಿಕೊಂಡವರು ಈ ಸಭೆಯಲ್ಲಿಯೇ ಇದ್ದಾರೆ. ಆದರೆ ನೀವು ಚಂದಾ ನಿಲ್ಲಿಸಿದರೆ ನಾವು ನಿಮ್ಮ ಮನೆಗೆ ಬಂದು ಹಳೆಯ ಸಂಚಿಕೆಗಳನ್ನು ಹೊತ್ತುಕೊಂಡು ಹೋಗುವುದಿಲ್ಲ.

ಲೆಕ್ಕವನ್ನೂ ಪ್ರಾಮಾಣಿಕವಾಗಿ ನೋಡೋಣ. ಛಾಯಾಗ್ರಾಹಕರು ಗದ್ದಲ ಮಾಡಿದ ಮೇಲೆ ಅದೇ 2013ರಲ್ಲಿ ಕಂಪನಿ ಫೋಟೋಶಾಪ್, ಲೈಟ್‌ರೂಮ್ ಎರಡನ್ನೂ ಸೇರಿಸಿ ತಿಂಗಳಿಗೆ 9.99 ಡಾಲರಿಗೆ ಕೊಡಲು ಒಪ್ಪಿತು. ವರ್ಷಕ್ಕೆ ಸುಮಾರು 120 ಡಾಲರಾಯಿತು. ಒಮ್ಮೆಲೆ 699 ತೆರಲಾರದವನಿಗೆ ಇದು ಮೊದಮೊದಲು ಹಗುರವೇ. ಇದನ್ನು ಮುಚ್ಚಿಟ್ಟು ಮಾತನಾಡಿದರೆ ನೀವು ನಮ್ಮನ್ನು ನಂಬಬೇಕಾಗಿಲ್ಲ. ಆದರೆ ಆರು ವರ್ಷ ತುಂಬುವುದರೊಳಗೆ ಹಳೆಯ ಬೆಲೆಯಷ್ಟು ಹಣ ಸಂದುಹೋಗುತ್ತದೆ, ಕೈಯಲ್ಲಿ ಉಳಿಯುವುದು ಸೊನ್ನೆ. ಬಾಡಿಗೆ ಏರಿಸುವ ಅಧಿಕಾರವೋ ಮನೆಯ ಯಜಮಾನನದು: 2025ರ ಜನವರಿಯಲ್ಲಿ ಆ ಅಗ್ಗದ ಯೋಜನೆಯನ್ನು ಹೊಸಬರಿಗೆ ಮುಚ್ಚಿದರು, ಹಳಬರಲ್ಲಿ ತಿಂಗಳು ತಿಂಗಳು ಕಟ್ಟುವವರಿಗೆ 14.99 ಮಾಡಿದರು. ಇಡೀ ವರ್ಷದ ಹಣವನ್ನು ಮುಂಗಡ ಕೊಡಬಲ್ಲವನಿಗೆ ಮಾತ್ರ ಹಳೆಯ ದರ. ಕೈಯಲ್ಲಿ ಮುಂಗಡಕ್ಕೆ ಹಣವಿಲ್ಲದವನೇ ಹೆಚ್ಚು ತೆರಬೇಕು. ಇದು ನಮ್ಮ ಕಿರಾಣಿ ಉದ್ರಿಯ ನ್ಯಾಯವೇ ಅಲ್ಲವೆ?

ಬಿಟ್ಟುಹೋಗುವುದೂ ಸುಲಭವಲ್ಲ. ವರ್ಷದ ಕರಾರು ಮಾಡಿ ತಿಂಗಳು ತಿಂಗಳು ಕಟ್ಟುವವನು ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಹಣದ ಅರ್ಧ ದಂಡ. ಈ ದಂಡವನ್ನು ಸಣ್ಣ ಅಕ್ಷರಗಳಲ್ಲಿ ಅಡಗಿಸಿಟ್ಟು ಗಿರಾಕಿಗಳನ್ನು ಸಿಕ್ಕಿಸಿದರೆಂದು ಆಪಾದಿಸಿ 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರವೇ ಅಡೋಬಿಯ ಮೇಲೆ ಮೊಕದ್ದಮೆ ಹೂಡಿತು. ಕಂಪನಿ ಆಪಾದನೆಯನ್ನು ಅಲ್ಲಗಳೆಯಿತು.

ಇದೆಲ್ಲ ಹಣದ ಮಾತು. ಹಣಕ್ಕಿಂತ ದೊಡ್ಡದು ಇನ್ನೊಂದಿದೆ. 2019ರ ಅಕ್ಟೋಬರ್‌ನಲ್ಲಿ ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಬಳಕೆದಾರರಿಗೆಲ್ಲ ಅಡೋಬಿಯಿಂದ ಒಂದು ತಿಳುವಳಿಕೆ ಹೋಯಿತು: ಅಮೆರಿಕದ ಅಧ್ಯಕ್ಷರ ಆಜ್ಞೆಯಂತೆ ನಿಮ್ಮ ಖಾತೆಗಳನ್ನೆಲ್ಲ ಮುಚ್ಚುತ್ತೇವೆ, 28ನೆಯ ತಾರೀಖಿನೊಳಗೆ ನಿಮ್ಮ ಕಡತಗಳನ್ನು ತೆಗೆದುಕೊಳ್ಳಿರಿ. ಕೊಟ್ಟ ಹಣವನ್ನೂ ಮರಳಿಸುವುದಿಲ್ಲವೆಂದು ಮೊದಲು ಹೇಳಿದರು. ಗದ್ದಲವೆದ್ದ ಮೇಲೆ, ಸರ್ಕಾರದ ಪರವಾನಗಿ ದೊರೆತು, ಆ ತಿಂಗಳ ಕೊನೆಗೆ ಸೇವೆ ಮತ್ತೆ ದೊರೆಯಿತು. ದೊರೆಯಿತು ಎಂಬುದಲ್ಲ ಮಾತು. ಎರಡು ದೇಶಗಳ ಸರ್ಕಾರಗಳು ಜಗಳವಾಡಿದರೆ ಕ್ಯಾರಕಾಸಿನ ಓಣಿಯಲ್ಲಿ ಹುಟ್ಟುಹಬ್ಬದ ಫೋಟೋ ತಿದ್ದುವ ಹುಡುಗನ ಕತ್ತರಿಯನ್ನು ಕಸಿದುಕೊಳ್ಳಬಹುದೆಂದು ಆ ಮೂರು ವಾರಗಳಲ್ಲಿ ಲೋಕಕ್ಕೆ ಗೊತ್ತಾಯಿತು. ಗಿರಣಿಗೆ ಬೀಗ ಬಿದ್ದ ಮುಂಜಾನೆಯನ್ನು ಕಂಡವರಿಗೆ ನಾವು ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟುತ್ತಿದ್ದೀರಿ: "ನಾವು ಚಂದಾ ಕೊಟ್ಟವರೇ ಅಲ್ಲ, ನಮ್ಮದು ಬೀಗ ಮುರಿದ ಪ್ರತಿ." ಸರಿ. ಮುಚ್ಚುಮರೆ ಬೇಡ. 2002ರ ಫೋಟೋಶಾಪ್ 7 ಇಂದಿಗೂ ನಮ್ಮ ತಾಲೂಕುಗಳಲ್ಲಿ ಓಡುತ್ತಿದೆ. ಅದನ್ನು ಹಣ ಕೊಟ್ಟು ತಂದವರನ್ನು ಹುಡುಕಬೇಕು. ನಾವು ಇಲ್ಲಿ ಪೊಲೀಸರಾಗಿ ಬಂದಿಲ್ಲ. ಬಡವನೊಬ್ಬ ವರ್ಷದ ಗಳಿಕೆಯನ್ನೆಲ್ಲ ಸುರಿದರೂ ಕೊಳ್ಳಲಾರದ ಉಪಕರಣವನ್ನು ಅಡ್ಡದಾರಿಯಿಂದ ಪಡೆದದ್ದನ್ನು ಕಂಡು ನೀತಿಬೋಧೆ ಮಾಡುವ ಮನಸ್ಸೂ ನಮಗಿಲ್ಲ. ಆದರೆ ಇದನ್ನು ಬಂಡವಾಳಶಾಹಿಗೆ ಕೊಟ್ಟ ಪೆಟ್ಟೆಂದು ಎಣಿಸುವ ಗೆಳೆಯರಿದ್ದಾರಲ್ಲ, ಅವರೊಡನೆ ನಮಗೆ ಜಗಳವಿದೆ.

ಇದು ಪೆಟ್ಟಲ್ಲ, ಬಿಟ್ಟಿ ದಲ್ಲಾಳಿತನ. ಬೀಗ ಮುರಿದ ಪ್ರತಿಯಿಂದಲೇ ನಮ್ಮ ಹುಡುಗರು ಕಲಿತರು. ಕಲಿತವರು ಇತರರಿಗೆ ಕಲಿಸಿದರು. ಕಂಪ್ಯೂಟರ್ ತರಗತಿಗಳ ಬೋರ್ಡಿನ ಮೇಲೆ "ಫೋಟೋ ತಿದ್ದುವಿಕೆ" ಎಂದಿರಲಿಲ್ಲ, "ಫೋಟೋಶಾಪ್" ಎಂದಿತ್ತು. ಕಸುಬಿನ ಹೆಸರೇ ಕಂಪನಿಯ ಹೆಸರಾಯಿತು. ಕಂಪನಿ ಒಬ್ಬ ಮಾಸ್ತರನಿಗೂ ಸಂಬಳ ಕೊಡದೆ ಲಕ್ಷಾಂತರ ಕೈಗಳನ್ನು ತನ್ನ ಉಪಕರಣಕ್ಕೆ ಪಳಗಿಸಿಕೊಂಡಿತು. ನಾವೇ ಕಟ್ಟಿದ ಊಹೆ ಇದೆಂದು ತಿಳಿಯಬೇಡಿರಿ. 1998ರಲ್ಲಿ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಅವರು ಚೀನಾದ ವಿಷಯವಾಗಿ ವಿದ್ಯಾರ್ಥಿಗಳ ಸಭೆಯೊಂದರಲ್ಲಿ, ಕದಿಯುವುದೇ ಆದರೆ ನಮ್ಮದನ್ನೇ ಕದಿಯಲಿ, ಚಟ ಹತ್ತಿದ ಮೇಲೆ ವಸೂಲಿಯ ದಾರಿ ಹುಡುಕಿದರಾಯಿತು ಎಂಬ ಅರ್ಥದ ಮಾತನ್ನು ಆಡಿದ್ದರು. ಸಾಹುಕಾರನ ಮನಸ್ಸು ಸಾಹುಕಾರನಿಗೇ ಗೊತ್ತು.

ವಸೂಲಿಗೆ ಕಾನೂನೂ ಇದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಗೆ 63-ಬಿ ಎಂಬ ಕಲಮನ್ನು ಆಮೇಲೆ ಸೇರಿಸಿದ್ದಾರೆ. ಕಳ್ಳ ಪ್ರತಿಯೆಂದು ತಿಳಿದೂ ತಂತ್ರಾಂಶ ಬಳಸಿದವನಿಗೆ ಏಳು ದಿನದಿಂದ ಮೂರು ವರ್ಷದ ತನಕ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ತನಕ ಜುಲ್ಮಾನೆ. ವ್ಯಾಪಾರಕ್ಕೆ ಬಳಸದವನಿಗೆ ನ್ಯಾಯಾಲಯ ರಿಯಾಯಿತಿ ತೋರಬಹುದು. ಅಂಗಡಿ ಇಟ್ಟವನಿಗೆ ಆ ದಾರಿಯೂ ಇಲ್ಲ. ಅಂಗಡಿಯ ಮೇಲೆ ದಾಳಿಯಾದ ದಿನ ಮೊದಲು ಸಿಕ್ಕುವವನು ಕಂಪ್ಯೂಟರಿನ ಮುಂದೆ ಕುಳಿತ ಕೂಲಿಯ ಹುಡುಗ. ಬೀಗ ಮುರಿಯುವ ಆ ಸಣ್ಣ ಕಡತಗಳಲ್ಲಿ ಏನೇನು ಅಡಗಿರುತ್ತದೆಯೋ ದೇವರೇ ಬಲ್ಲ. ನಾವು ಬಲ್ಲ ಒಂದು ಸ್ಟುಡಿಯೋದಲ್ಲಿ ಲಗ್ನದ ಹಂಗಾಮಿನಲ್ಲಿಯೇ ಎಲ್ಲ ಫೋಟೋಗಳಿಗೂ ಯಾರೋ ದೂರದಿಂದ ಬೀಗ ಹಾಕಿ ಹಣ ಕೇಳಿದರು. ನಾಲ್ಕು ಮದುವೆಗಳ ಚಿತ್ರಗಳು ಹೋದವು. ಒಂದು ಮನೆಯಲ್ಲಿ ವಧುವಿನ ತಂದೆ ಲಗ್ನವಾದ ವಾರದಲ್ಲಿಯೇ ತೀರಿಕೊಂಡಿದ್ದರು. ಅವರು ಮಗಳ ಪಕ್ಕದಲ್ಲಿ ನಿಂತ ಕಡೆಯ ಫೋಟೋ ಅದರಲ್ಲಿತ್ತು. ಆ ಹೆಣ್ಣುಮಗಳು ಅಂಗಡಿಗೆ ಬಂದು ಜಗಳವಾಡಲಿಲ್ಲ, ಸುಮ್ಮನೆ ಕುಳಿತುಬಿಟ್ಟಳು ಎಂದು ಸ್ಟುಡಿಯೋದವರು ನಮಗೆ ಹೇಳಿದರು.

ಹಾಗಾದರೆ ಗತಿಯೇನು? ಜಿಂಪ್ ಎಂಬ ತಂತ್ರಾಂಶವಿದೆ. 1995ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ್ದು. ಇಂದು ಹಲವು ದೇಶಗಳ ಜನರು ಸೇರಿ ಬೆಳೆಸುತ್ತಿದ್ದಾರೆ. ಅದನ್ನು ಯಾರೂ ಬಳಸಬಹುದು, ಹಂಚಬಹುದು, ಒಳಗಿನ ಬರಹವನ್ನು ಓದಿ ತಿದ್ದಬಹುದು. ಯಾವ ಕಂಪನಿಯೂ ಅದನ್ನು ಮರಳಿ ಕಸಿದುಕೊಳ್ಳದಂತೆ ಪರವಾನಗಿಯಲ್ಲಿಯೇ ಕರಾರಿದೆ. 2025ರ ಮಾರ್ಚ್‌ನಲ್ಲಿ ಅದರ ಮೂರನೆಯ ದೊಡ್ಡ ಆವೃತ್ತಿ ಬಂದಿತು. ಕ್ಯಾಮೆರಾದ ಕಚ್ಚಾ ಚಿತ್ರಗಳನ್ನು ತಿದ್ದಲು ಡಾರ್ಕ್‌ಟೇಬಲ್ ಇದೆ, ಬಣ್ಣದ ಕುಂಚದ ಕೆಲಸಕ್ಕೆ ಕ್ರಿಟಾ ಇದೆ.

ಇವು ಫೋಟೋಶಾಪಿಗೆ ಸರಿಸಮಾನವೆಂದು ನಾವು ಹೇಳಿದರೆ ಕಸುಬು ಬಲ್ಲ ನೀವು ನಗುವಿರಿ. ಛಾಪಖಾನೆಯವರಿಗೆ ಬೇಕಾದ ನಾಲ್ಕು ಬಣ್ಣಗಳ ಕ್ರಮದಲ್ಲಿ ಜಿಂಪ್ ನೇರವಾಗಿ ಕೆಲಸ ಮಾಡದು. ನೀವು ಪೇಟೆಯಿಂದ ತರುವ ಆಲ್ಬಮಿನ ಸಿದ್ಧ ಮಾದರಿಗಳನ್ನು ಅದು ತೆರೆಯುತ್ತದೆ, ಆದರೆ ಎಲ್ಲವೂ ಸರಿಯಾಗಿ ಬಾರದು. ಹದಿನೈದು ವರ್ಷ ಒಂದೇ ದಾರಿಯಲ್ಲಿ ಓಡಿದ ಬೆರಳು ಹೊಸ ದಾರಿಯಲ್ಲಿ ಎಡವುತ್ತದೆ; ಆ ಎಡವಿದ ಗಂಟೆಗಳ ಕೂಲಿಯನ್ನು ಯಾರು ಕೊಡಬೇಕು? ಒಂದು ಲಾಭವನ್ನು ಮಾತ್ರ ಹೇಳಲೇಬೇಕು. ಹಳೆಯ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿಯಾಗುತ್ತದೆ, ನೀವು ನುಡಿಯ ಹಳೆಯ ಅಚ್ಚುಗಳಿಗೆ ಜೋತುಬಿದ್ದಿದ್ದೀರಿ. ಜಿಂಪಿನಲ್ಲಿ "ಶ್ರೀ ವೀರಭದ್ರೇಶ್ವರ ಪ್ರಸನ್ನ" ಎಂದು ನೇರವಾಗಿ ಬಡಿದರೆ ಅಚ್ಚುಕಟ್ಟಾಗಿ ಬೀಳುತ್ತದೆ.

ಬ್ರಿಟನ್ನಿನ ಅಫಿನಿಟಿ ಎಂಬುದನ್ನೂ ಕೆಲವರು ಹೇಳುವಿರಿ. ಒಂದೇ ಸಲದ ಬೆಲೆಗೆ ಮಾರಿ ಒಳ್ಳೆಯ ಹೆಸರು ಪಡೆದಿತ್ತು. 2024ರಲ್ಲಿ ಕ್ಯಾನ್ವಾ ಕಂಪನಿ ಅದನ್ನು ಕೊಂಡಿತು, 2025ರ ಅಕ್ಟೋಬರ್‌ನಿಂದ ಬಿಟ್ಟಿಯಾಗಿ ಕೊಡುತ್ತಿದೆ. ಬಳಸಿರಿ, ಬೇಡವೆನ್ನುವುದಿಲ್ಲ. ಆದರೆ ಯಜಮಾನನ ಔದಾರ್ಯದಿಂದ ಬಾಡಿಗೆಯಿಲ್ಲದೆ ಕುಳಿತ ಮನೆ ಸ್ವಂತ ಮನೆಯಲ್ಲ.

ಇಲ್ಲಿಂದ ಕೂಗಳತೆಯಲ್ಲಿ ಕಣಗಿನಹಾಳವಿದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆ ಊರಿನ ರೈತರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಾಲಕ್ಕಾಗಿ ಸಾಹುಕಾರನ ಬಾಗಿಲನ್ನೇ ಕಾಯಬಾರದೆಂದು ಅವರು ಅವನ ಪೆಟ್ಟಿಗೆಯನ್ನು ಒಡೆಯಲಿಲ್ಲ, ತಮ್ಮದೇ ಪೆಟ್ಟಿಗೆ ಮಾಡಿದರು. ಒಬ್ಬ ಸ್ಟುಡಿಯೋದವನು ಒಂಟಿಯಾಗಿ ಜಿಂಪ್ ಕಲಿಯಲು ಹೋದರೆ ಲಗ್ನದ ಹಂಗಾಮಿನಲ್ಲಿ ಗಿರಾಕಿ ಕಳೆದುಕೊಂಡು ಮರಳಿ ಹಳೆಯದಕ್ಕೇ ಬರುತ್ತಾನೆ. ಇಪ್ಪತ್ತು ಅಂಗಡಿಗಳು ಕೂಡಿದರೆ ಆಲ್ಬಮಿನ ಮಾದರಿಗಳನ್ನು ತಾವೇ ಮಾಡಿ ಹಂಚಿಕೊಳ್ಳಬಹುದು. ನಾಲ್ಕು ಬಣ್ಣದ ಕೆಲಸ ತಪ್ಪದ ಛಾಪಖಾನೆಯವರು ಎಲ್ಲರ ಪರವಾಗಿ ಒಂದು ಯಂತ್ರಕ್ಕೆ ಮಾತ್ರ ಸರಿಯಾದ ಚಂದಾ ಕಟ್ಟಿ, ಕಡೆಯ ಹದವನ್ನು ಅಲ್ಲಿಯೇ ಮಾಡಿಕೊಡಬಹುದು. ಅದರ ಖರ್ಚನ್ನು ಹಂಚಿಕೊಳ್ಳೋಣ.

ನಾವು ಮಾಸ್ತರಿಕೆ ಬಿಟ್ಟು ಬಂದವರು, ಆದರೆ ಅದು ನಮ್ಮನ್ನು ಬಿಟ್ಟಿಲ್ಲ. ಆಷಾಢದಲ್ಲಿ ಲಗ್ನಗಳಿಲ್ಲ, ನಿಮ್ಮ ಕೈ ಖಾಲಿ. ಆ ತಿಂಗಳು ಪ್ರತಿ ಸೋಮವಾರ ಸಂಜೆ ಏಳಕ್ಕೆ ಪಕ್ಷದ ಕಚೇರಿಯ ಮಾಳಿಗೆಯಲ್ಲಿ ಎರಡು ಕಂಪ್ಯೂಟರುಗಳನ್ನು ಇಡುತ್ತೇವೆ. ಜಿಂಪ್ ಬಲ್ಲ ಇಬ್ಬರು ಹುಡುಗರು ಕಲಿಸಲು ಒಪ್ಪಿದ್ದಾರೆ. ಮಾಲೀಕರು ತಮ್ಮ ಕೆಲಸಗಾರರನ್ನು ಆ ಎರಡು ಗಂಟೆ ಕೂಲಿ ಕಡಿಯದೆ ಕಳುಹಿಸಬೇಕು. ಈ ಮಾತನ್ನು ಇಂದೇ, ಎಲ್ಲರೆದುರು ಒಪ್ಪಿಕೊಳ್ಳಿರಿ. ಹೆಸರು ಬರೆಸುವ ಪುಸ್ತಕ ಬಾಗಿಲ ಬಳಿ ಇದೆ. ಬರುವಾಗ ನಿಮ್ಮಲ್ಲಿ ಕೆಟ್ಟು ಮೂಲೆಗೆ ಬಿದ್ದ ಹಳೆಯ ಫೋಟೋ ಒಂದನ್ನು ತನ್ನಿರಿ, ಅದರಿಂದಲೇ ಮೊದಲ ಪಾಠ ಆರಂಭಿಸೋಣ.