ವಯನಾಡಿನ ಅಡಿಯರು

(ಶಾಲೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಂಜನಗೂಡನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಕಪಿಲೆಯು ಕೇರಳದ ವಯನಾಡಿನಲ್ಲಿ ಹುಟ್ಟುವಳೆಂಬುದನ್ನು ನೀವು ಭೂಗೋಳದ ಪಾಠದಲ್ಲಿ ಓದಿರುವಿರಷ್ಟೆ. ಆ ಮೇಲ್ನಾಡಿನ ಗದ್ದೆಗಳಲ್ಲಿ ತಲೆತಲಾಂತರದಿಂದ ಬತ್ತ ಬೆಳೆದ ಒಂದು ಸಣ್ಣ ಜನಾಂಗದ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ. ಹೊರಗಿನವರು ಅವರನ್ನು ಅಡಿಯರೆಂದು ಕರೆಯುತ್ತಾರೆ. ನಮ್ಮ ‘ಅಡಿಯಾಳು’ ಎಂಬ ಮಾತನ್ನು ನೆನೆದರೆ ಆ ಹೆಸರಿನ ಅರ್ಥ ತಾನೇ ಹೊಳೆಯುವುದು. ಅವರು ತಮ್ಮನ್ನು ಕರೆದುಕೊಳ್ಳುವುದು ರಾವುಳರೆಂದು. ಕೊಡಗಿನ ಪಂಜಿರಿ ಯರವರು ಇವರ ಬಂಧುಗಳೇ.

ಮಾನಂತವಾಡಿಯ ಸಮೀಪದಲ್ಲಿ, ಹೊಳೆಯ ದಂಡೆಯ ಮೇಲೆ, ವಳ್ಳಿಯೂರುಕಾವು ಎಂಬ ಭಗವತಿಯ ಕ್ಷೇತ್ರವಿದೆ. ಮೀನಮಾಸದಲ್ಲಿ ಹದಿನಾಲ್ಕು ದಿನ ಅಲ್ಲಿ ಉತ್ಸವ ನಡೆಯುತ್ತದೆ. ಜಾತ್ರೆಯಲ್ಲಿ ದನಗಳ ವ್ಯಾಪಾರವನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ಹಿಂದೆ ಆಳುಗಳ ವ್ಯಾಪಾರವೂ ನಡೆಯುತ್ತಿತ್ತು. ಜಮೀನುದಾರನು ‘ನಿಲ್ಪುಪಣಂ’ ಎಂಬ ಅಲ್ಪ ಹಣವನ್ನು ಕೈಗಿತ್ತನೆಂದರೆ ಅಡಿಯರೂ ಪಣಿಯರೂ ಮುಂದಿನ ಉತ್ಸವದವರೆಗೆ ಅವನ ಗದ್ದೆಗೆ ಕಟ್ಟುಬೀಳುತ್ತಿದ್ದರು. ದೇವಿಯ ಸನ್ನಿಧಿಯಲ್ಲಾದ ಮಾತೆಂದು ಅದನ್ನು ಮೀರುವ ಧೈರ್ಯ ಅವರಿಗಿರಲಿಲ್ಲ. ದೇವಿಗೆ ಅಂಜಬೇಕಾದವರು ಹಣ ಕೊಟ್ಟವರಲ್ಲವೇ? ಅದಿರಲಿ.

ಉಳುಮೆ, ನಾಟಿ, ಕಳೆ, ಕುಯ್ಲು, ಒಕ್ಕಣೆ ಎಲ್ಲವೂ ಅವರ ಕೈಯಿಂದಲೇ. ಕೂಲಿಯು ‘ವಲ್ಲಿ’ ಎಂಬ ಹೆಸರಿನಲ್ಲಿ ಅಳೆದುಕೊಟ್ಟ ಬತ್ತ. ಅದು ಸಾಲದಿದ್ದಾಗ ಗದ್ದೆಯೇ ಅವರ ಉಗ್ರಾಣ. ಕೆಸರಿನಲ್ಲಿ ಏಡಿ, ಕಾಲುವೆಯಲ್ಲಿ ಸಣ್ಣ ಮೀನು, ಬದುವಿನ ಮೇಲೆ ಬಗೆಬಗೆಯ ಸೊಪ್ಪು. ಯಾವ ಸೊಪ್ಪು ಯಾವ ತಿಂಗಳಲ್ಲಿ ಚಿಗುರುವುದೆಂಬುದು ಹೆಣ್ಣುಮಕ್ಕಳಿಗೆ ಬಾಯಿಪಾಠ. ನಾವು ಕಳೆಯೆಂದು ಕಿತ್ತೆಸೆಯುವುದರಲ್ಲಿ ಅವರಿಗೆ ರಾತ್ರಿಯ ಊಟವಿತ್ತು. ಗದ್ದೆಗೆ ಔಷಧ ಸಿಂಪಡಿಸುವ ಕಾಲ ಬಂದಮೇಲೆ ಏಡಿಯೂ ಸೊಪ್ಪೂ ವಿರಳವಾದವು.

1976ರಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ದೇಶಕ್ಕೆಲ್ಲ ಬಂದಿತು. ಅದಕ್ಕೂ ಒಂದು ವರ್ಷ ಮೊದಲು, 1975ರಲ್ಲಿ, ಆದಿವಾಸಿಗಳು ಕಳೆದುಕೊಂಡ ಭೂಮಿಯನ್ನು ಹಿಂದಿರುಗಿಸಲು ಕೇರಳವು ಕಾನೂನು ಮಾಡಿತ್ತು. ಆದರೆ ಕಳೆದುಕೊಳ್ಳುವುದಕ್ಕೆ ಅಡಿಯರ ಹೆಸರಿನಲ್ಲಿ ಭೂಮಿ ಎಲ್ಲಿತ್ತು? ಪತ್ರವೇ ಇಲ್ಲದವನಿಗೆ ಹಿಂದಿರುಗಿಸುವುದೇನು? ಮುಂದೆ ತಿರುನೆಲ್ಲಿಯ ಅಡಿಯ ಮನೆತನದಲ್ಲಿ ಹುಟ್ಟಿ, ಗದ್ದೆಯಲ್ಲಿ ದುಡಿದು, ಸಾಕ್ಷರತೆಯ ತರಗತಿಯಲ್ಲಿ ಅಕ್ಷರ ಕಲಿತ ಸಿ. ಕೆ. ಜಾನು ಎಂಬ ಮಹಿಳೆ ಈ ಪ್ರಶ್ನೆಯನ್ನೆತ್ತಿದರು. 2001ರಲ್ಲಿ ಅವರ ಮುಂದಾಳುತನದಲ್ಲಿ ತಿರುವನಂತಪುರದ ಸಚಿವಾಲಯದ ಎದುರು ಆದಿವಾಸಿಗಳು 48 ದಿನ ಗುಡಿಸಲು ಕಟ್ಟಿ ಕುಳಿತು, ಭೂಮಿಯ ವಾಗ್ದಾನವನ್ನು ಪಡೆದರು. ವಾಗ್ದಾನ ಕೈಗೂಡದಿರಲು 2003ರಲ್ಲಿ ಮುತ್ತಂಗದ ಕಾಡನ್ನು ಹೊಕ್ಕರು. ಫೆಬ್ರವರಿ 19ರಂದು ಅಲ್ಲಿ ಗೋಲೀಬಾರಾಯಿತು. ಆ ದಿನದ ಘರ್ಷಣೆಯಲ್ಲಿ ಒಬ್ಬ ಆದಿವಾಸಿಯೂ ಒಬ್ಬ ಪೊಲೀಸಿನವನೂ ಮಡಿದರು.

ಈ ನಡುವೆ ಬತ್ತದ ಗದ್ದೆಗಳೇ ಕರಗುತ್ತ ಬಂದವು. ಬಾಳೆ, ಶುಂಠಿ, ಅಡಕೆಗಳಿಗೆ ನಾಟಿಯ ಹೆಂಗಸರ ಸಾಲು ಬೇಕಿಲ್ಲ. ಕೈಗೆ ಬಿಡುಗಡೆಯಾಯಿತು, ಕೈಗೆ ಕೆಲಸವಿಲ್ಲದಾಯಿತು. ತೋಲ್ಪೆಟ್ಟಿಯ ಗಡಿಯನ್ನು ದಾಟಿ ಕುಟ್ಟದ ಕಡೆಯ ಕಾಫಿತೋಟಗಳಿಗೆ ಜೀಪು ಹತ್ತುವವರಲ್ಲಿ ಇವರೂ ಇದ್ದಾರೆ. ಹಣ್ಣು ಕುಯ್ಯುವ ಕಾಲದಲ್ಲಿ ಹಿರಿಯರೊಡನೆ ಮಕ್ಕಳೂ ಹೊರಡುವುದುಂಟು. ಆಗ ಶಾಲೆಯ ಹಾಜರಿಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬರಿಯ ಸೊನ್ನೆ.

ಶಾಲೆಗೆ ಬಂದ ಮಗುವಿಗೂ ಪಾಠ ಮಲೆಯಾಳದಲ್ಲಿ, ಮನೆಯ ಮಾತು ರಾವುಳ. ಮಾತೃಭಾಷೆಯಲ್ಲಿ ಓದುವ ನಿಮಗೆ ಈ ಕಷ್ಟ ಊಹೆಗೂ ನಿಲುಕಲಾರದು. 2017ರಿಂದ ವಯನಾಡಿನ ಪ್ರಾಥಮಿಕ ಶಾಲೆಗಳಲ್ಲಿ ಆದಿವಾಸಿ ಸಮುದಾಯಗಳ ಓದಿದ ಯುವಕಯುವತಿಯರನ್ನೇ ಸಹಾಯಕ ಉಪಾಧ್ಯಾಯರನ್ನಾಗಿ ನೇಮಿಸತೊಡಗಿದರು. ‘ಗೋತ್ರಬಂಧು’ ಎಂದು ಆ ಯೋಜನೆಯ ಹೆಸರು. ಮೊದಲನೆಯ ತರಗತಿಯ ಮಗುವಿಗೆ ಪಾಠ ತಿಳಿಯದಾದಾಗ, ಬಳಿಯಲ್ಲಿ ಕುಳಿತು ಅದರ ಮನೆಮಾತಿನಲ್ಲೇ ಹೇಳಿಕೊಡುವುದು ಅವರ ಕೆಲಸ.