ಐದು ವರ್ಷಕ್ಕೆಂದು ಕಟ್ಟಿದ ಹಡಗು



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಪದವೀಧರ ಮಕ್ಕಳ ಮುಂದೆ ಸಮುದ್ರದ ಹಡಗಿನ ಮಾತು ತೆಗೆದರೆ ನಗು ಬಂದೀತು. ಹಡಗಲಿಯ ಹೂವು ಹೊಳೆಯ ಮೇಲೆ ವಿಜಯನಗರಕ್ಕೆ ಹೋಗುತ್ತಿತ್ತು ಎಂಬ ಹಳೆಯ ಮಾತು ಬಿಟ್ಟರೆ ಹಡಗಿಗೂ ನಮಗೂ ಏನು ನಂಟು?

ಮನೆಯಲ್ಲಿ ಅಜ್ಜ-ಅಜ್ಜಿಯನ್ನು ಕೇಳಿ. ಶಾಲೆಯಲ್ಲಿ ಬಡಿಸುತ್ತಿದ್ದ ಗೋಧಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿ ಅವರಿಗೆ ನೆನಪಿದ್ದೀತು. ಅದು ಅಮೆರಿಕದಿಂದ ಹಡಗು ಹತ್ತಿ ಬಂದದ್ದು. ಅದಕ್ಕೂ ಮುಂಚೆ 1951ರಲ್ಲಿ, ನಮ್ಮ ತಾಲ್ಲೂಕುಗಳು ಇನ್ನೂ ಮದ್ರಾಸಿಗೆ ಸೇರಿದ್ದಾಗ, ದೇಶದಲ್ಲಿ ಕಾಳಿಗೆ ಬರ ಬಂದು ಅಮೆರಿಕ ಧಾನ್ಯಕ್ಕೆಂದು 19 ಕೋಟಿ ಡಾಲರ್ ಸಾಲ ಕೊಟ್ಟಿತು. ಆ ಧಾನ್ಯ ಸಾಗಿಸಲು, ಕೆಲಸ ಮುಗಿಯಿತೆಂದು ಲಂಗರು ಹಾಕಿ ನಿಲ್ಲಿಸಿದ್ದ ಎರಡನೇ ಮಹಾಯುದ್ಧದ ಕಾಲದ ಹಡಗುಗಳನ್ನೂ ಮತ್ತೆ ಹೊರಡಿಸಿದರು.

ಯುದ್ಧಕಾಲದ ಸರಕು ಹಡಗುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಟ್ಟಿದ್ದು ‘ಲಿಬರ್ಟಿ’ ಮಾದರಿಯವನ್ನು. 1941ರಿಂದ 1945ರೊಳಗೆ 2,700ಕ್ಕೂ ಹೆಚ್ಚು. ಉದ್ದ 441 ಅಡಿ, ಹೊರೆ ಸುಮಾರು ಹತ್ತು ಸಾವಿರ ಟನ್. ವೇಗ ನಮ್ಮ ಊರಿನ ಸೈಕಲ್ ಸವಾರನಷ್ಟೇ. ಎಂಜಿನ್ ಹಳೇ ಕಾಲದ ಉಗಿ ಎಂಜಿನ್, ಏಕೆಂದರೆ ಟರ್ಬೈನ್‌ಗಳೆಲ್ಲ ಯುದ್ಧನೌಕೆಗಳಿಗೆ ಬೇಕಿದ್ದವು. ಐದು ವರ್ಷ ಬಾಳಿದರೆ ಸಾಕೆಂಬ ಲೆಕ್ಕ. ರಿವೆಟ್ ಬಡಿಯುವ ಬದಲು ವೆಲ್ಡಿಂಗ್ ಮಾಡಿದರು. ಅದನ್ನು ಮಾಡಿದವರಲ್ಲಿ ಹಡಗುಕಟ್ಟೆಯನ್ನೇ ಕಾಣದ ಹೊಲಮನೆಯವರು, ಹೆಂಗಸರು ಬಹಳ ಮಂದಿ. 1942ರ ನವೆಂಬರಿನಲ್ಲಿ ಒಂದು ಹಡಗನ್ನು ಐದು ದಿನದೊಳಗೇ ನೀರಿಗಿಳಿಸಿದರು. ಅದು ಪ್ರಚಾರದ ಸಾಹಸ. ನಾನು ಅದಕ್ಕೆ ಮಾರುಹೋಗುವವನಲ್ಲ.

ನನಗೆ ಮುಖ್ಯವೆನಿಸುವುದು ಆಮೇಲಿನ ಕಥೆ. ಕೆಲವು ಹಡಗುಗಳು ಚಳಿಯ ಸಮುದ್ರದಲ್ಲಿ ಬಿರುಕುಬಿಟ್ಟವು, ಮತ್ತೆ ಕೆಲವು ನಡು ಮುರಿದು ಎರಡಾದವು. ತಪ್ಪನ್ನು ಹೊಸದಾಗಿ ಕೆಲಸ ಕಲಿತವರ ತಲೆಗೆ ಕಟ್ಟುವುದು ಸುಲಭವಿತ್ತು. ಕೆಲವೆಡೆ ವೆಲ್ಡಿಂಗ್ ಸರಿಯಿರಲಿಲ್ಲ ಎಂಬುದೂ ನಿಜ. ಆದರೆ ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿಜ್ಞಾನಿ ಉಕ್ಕನ್ನೇ ಪರೀಕ್ಷೆಗೆ ಒಡ್ಡಿದರು. ಒಂದು ಮಟ್ಟಕ್ಕಿಂತ ತಣ್ಣಗಾದರೆ ಆ ಉಕ್ಕು ಬಾಗುವುದಿಲ್ಲ, ಪಟ್ಟನೆ ಸೀಳುತ್ತದೆ ಎಂದು ತೋರಿಸಿಕೊಟ್ಟರು. ರಿವೆಟ್ ಹಾಕಿದ ಹಡಗಿನಲ್ಲಾದರೆ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು; ಬೆಸೆದ ಹಡಗಿನಲ್ಲಿ ಅದಕ್ಕೆ ತಡೆಯೇ ಇಲ್ಲ. ಬಿರುಕು ಹುಟ್ಟುತ್ತಿದ್ದುದು ಬಹುಪಾಲು ಸರಕು ಇಳಿಸುವ ಬಾಯಿಯ ಚೌಕ ಮೂಲೆಗಳಲ್ಲಿ. ಆ ಮೂಲೆಗಳನ್ನು ದುಂಡಗೆ ಮಾಡಿ, ಉಕ್ಕಿನ ಪಟ್ಟಿ ಕೊಟ್ಟು ಬಲಪಡಿಸಿದರು.

ಮುರಿಯುವುದು ಹಡಗೊಂದೇ ಅಲ್ಲ. 2017ರಲ್ಲಿ ಕೊಟ್ಟೂರೇಶ್ವರನ ತೇರು ಉರುಳಿದ್ದನ್ನು ನಿಮ್ಮಲ್ಲಿ ಕೆಲವರು ಕಣ್ಣಾರೆ ಕಂಡಿರಬಹುದು. ಅಂಥ ಹೊತ್ತಿನಲ್ಲಿ ಎರಡು ಪ್ರಶ್ನೆ ಏಳುತ್ತವೆ. ಯಾರ ತಪ್ಪು ಎಂಬುದು ಒಂದು, ಏನು ಮುರಿಯಿತು, ಯಾಕೆ ಮುರಿಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಲು ಪದವಿ ಬೇಕಿಲ್ಲ, ಚಹಾದಂಗಡಿಯ ಕಟ್ಟೆ ಸಾಕು. ಎರಡನೆಯದನ್ನು ಕೇಳಲಿ ಎಂದೇ ನಿಮ್ಮನ್ನು ಇಷ್ಟು ವರ್ಷ ಓದಿಸಿದ್ದು.

ಆ ಲಿಬರ್ಟಿ ಹಡಗುಗಳಲ್ಲಿ ಎಷ್ಟೋ ಐದು ವರ್ಷದ ಲೆಕ್ಕವನ್ನು ಸುಳ್ಳು ಮಾಡಿದವು. ಜೆರಮೈಯ ಓಬ್ರಿಯನ್ ಎಂಬುದು ಒಂದು. 1943ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ನೀರಿಗಿಳಿಯಿತು, ಮರುವರ್ಷ ಫ್ರಾನ್ಸಿನ ನಾರ್ಮಂಡಿಯ ದಾಳಿಗೆ ಸೈನ್ಯ, ಸಾಮಗ್ರಿ ಹೊತ್ತಿತು, ಆಮೇಲೆ ನಮ್ಮ ಕಲ್ಕತ್ತೆಗೂ ಬಂದು ಹೋಯಿತು. ಅಲ್ಲಿಂದ ಮುಂದೆ ಕ್ಯಾಲಿಫೋರ್ನಿಯಾದ ಕೊಲ್ಲಿಯೊಂದರಲ್ಲಿ 33 ವರ್ಷ ಕಟ್ಟಿಹಾಕಿದಂತೆ ನಿಂತಿತು. 1979ರಲ್ಲಿ ಸ್ವಯಂಸೇವಕರು ಯಂತ್ರಕ್ಕೆ ಮೆತ್ತಿದ್ದ ಗ್ರೀಸ್ ಕೆರೆದು ತೆಗೆದು ಬಾಯ್ಲರಿಗೆ ಬೆಂಕಿ ಹಾಕಿದರು. ಹಡಗು ತನ್ನದೇ ಎಂಜಿನ್ ಬಲದಿಂದ ಹೊರಟಿತು. 1994ರಲ್ಲಿ, ವಯಸ್ಸಾದವರೇ ಹೆಚ್ಚಿದ್ದ ಸಿಬ್ಬಂದಿ ಅದನ್ನು ಪನಾಮಾ ಕಾಲುವೆ ದಾಟಿಸಿ ನಾರ್ಮಂಡಿಗೆ ಒಯ್ದು ವಾಪಸು ತಂದರು. ನೀವು ನೋಡಿರುವ ‘ಟೈಟಾನಿಕ್’ ಚಿತ್ರದ ಎಂಜಿನ್ ಕೋಣೆಯ ದೃಶ್ಯಗಳಿಗೆ ಚಿತ್ರಿಸಿಕೊಂಡದ್ದು ಇದೇ ಎಂಜಿನ್ನನ್ನು.

ಹಡಗು ಈಗ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದೆ. ನಿಮ್ಮಲ್ಲಿ ಒಬ್ಬಿಬ್ಬರಾದರೂ ಕೆಲಸಕ್ಕೆಂದು ಆ ಕಡೆ ಹೋಗುವವರೇ. ಹೋದರೆ ಎಂಜಿನ್ ಕೋಣೆಗೆ ಇಳಿದು ನೋಡಿ. ಫೋಟೊ ತೆಗೆಸಿಕೊಳ್ಳುವ ಮುಂಚೆ ಡೆಕ್ಕಿನ ಮೇಲೆ ಆ ಸರಕಿನ ಬಾಯಿಯ ಮೂಲೆಗಳನ್ನೂ ಒಮ್ಮೆ ಕೈಯಿಂದ ಸವರಿ ನೋಡಿ ಬನ್ನಿ.