ಬಾಗಿ ನಿಲ್ಲುವ ಡೇರೆ



1911ರ ಜುಲೈ ತಿಂಗಳು. ಇಲ್ಲಿ ಮಳೆಗಾಲ, ದಕ್ಷಿಣ ಧ್ರುವದ ಕಡೆ ಸೂರ್ಯನ ಮುಖವೇ ಕಾಣದ ನಡುಚಳಿಗಾಲ. ಕ್ಯಾಪ್ಟನ್ ಸ್ಕಾಟ್ ಅವರ ತಂಡಕ್ಕೆ ಸೇರಿದ ಮೂವರು - ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್, ಆಪ್ಸ್ಲಿ ಚೆರಿ-ಗೆರಾರ್ಡ್ - ಎಂಪರರ್ ಪೆಂಗ್ವಿನ್ ಹಕ್ಕಿಯ ಮೊಟ್ಟೆಗಳನ್ನು ತರಲೆಂದು ಕೇಪ್ ಕ್ರೋಜಿಯರ್ ಎಂಬಲ್ಲಿಗೆ ಹೋಗಿದ್ದರು. ದಾರಿಯಲ್ಲಿ ಚಳಿ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದದ್ದೂ ಉಂಟು. ಅಲ್ಲಿ ಕಲ್ಲಿನ ಗೋಡೆ ಕಟ್ಟಿ, ಮೇಲೆ ಕ್ಯಾನ್ವಾಸ್ ಹೊದಿಸಿ ಗೂಡೊಂದನ್ನು ಮಾಡಿಕೊಂಡರು. ಪಕ್ಕದಲ್ಲಿ ಡೇರೆ ಹಾಕಿ ಸಾಮಾನು ಇಟ್ಟರು. ಬಿರುಗಾಳಿ ಎದ್ದಿತು. ಮೊದಲು ಡೇರೆ ಹಾರಿಹೋಯಿತು. ಆಮೇಲೆ ಗೂಡಿನ ಕ್ಯಾನ್ವಾಸ್ ಚಿಂದಿಯಾಯಿತು. ಮೂವರೂ ಮಲಗುವ ಚೀಲದೊಳಗೆ ಸೇರಿಕೊಂಡು, ಮೈಮೇಲೆ ಹಿಮ ಬೀಳುತ್ತಿದ್ದಂತೆ ಬಿದ್ದುಕೊಂಡರು. ಮೂಲ ಶಿಬಿರ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿತ್ತು. ಡೇರೆಯಿಲ್ಲದೆ ಅಷ್ಟು ದಾರಿ ನಡೆಯುವಂತಿರಲಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಗಾಳಿ ತಗ್ಗಿದ ಮೇಲೆ ಬವರ್ಸ್ ಕತ್ತಲಲ್ಲಿ ತಡಕುತ್ತ ಹೋಗಿ, ಸುಮಾರು ಅರ್ಧ ಮೈಲಿ ದೂರದ ಇಳಿಜಾರಿನ ಬುಡದಲ್ಲಿ ಆ ಡೇರೆಯನ್ನು ಕಂಡರು. ಅದು ಹರಿಯದೆ ಉಳಿದಿತ್ತು. ಹೇಗೆ ಉಳಿಯಿತು ಎಂಬುದನ್ನು ಕೊನೆಯಲ್ಲಿ ನೋಡೋಣ. ಡೇರೆ ಎಂಬುದು ಜಾತ್ರೆ, ಸರ್ಕಸ್ಸು, ಮದುವೆಯ ಶಾಮಿಯಾನಗಳ ಸಂಗತಿ ಮಾತ್ರವಲ್ಲ, ಕೆಲವೊಮ್ಮೆ ಜೀವಕ್ಕೂ ಸಾವಿಗೂ ನಡುವೆ ಇರುವ ಒಂದು ಪದರ ಬಟ್ಟೆ ಎಂಬುದನ್ನು ತಿಳಿಯಲು ಈ ಘಟನೆ ಸಾಕು.

ಡೇರೆಯ ವಿನ್ಯಾಸಕಾರನ ಮುಂದೆ ಎರಡು ಬೇಡಿಕೆಗಳಿವೆ. ಹೊರುವಾಗ ಅದು ಹಗುರವಾಗಿರಬೇಕು; ನಿಂತಾಗ ಗಟ್ಟಿಯಾಗಿರಬೇಕು. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧ. ಗಟ್ಟಿ ಬೇಕೆಂದರೆ ದಪ್ಪ ಕಂಬ, ದಪ್ಪ ಬಟ್ಟೆ, ಅಲ್ಲಿಗೆ ಭಾರ.

ರಾಜಮಹಾರಾಜರಿಗೆ ಈ ಚಿಂತೆ ಇರಲಿಲ್ಲ, ಹೊರುವವರು ಬೇರೆಯವರಾಗಿದ್ದರು. ಅಕ್ಬರನ ಪಾಳೆಯದ ಸಾಮಾನು ಸಾಗಿಸಲು 100 ಆನೆ, 500 ಒಂಟೆ, 400 ಬಂಡಿ ಬೇಕಾಗುತ್ತಿದ್ದವು ಎಂದು ಅಬುಲ್ ಫಜಲ್ ತನ್ನ 'ಐನ್-ಇ-ಅಕ್ಬರಿ'ಯಲ್ಲಿ ಲೆಕ್ಕ ಕೊಟ್ಟಿದ್ದಾನೆ. ಟಿಪ್ಪು ಸುಲ್ತಾನನದೆಂದು ಹೆಸರಾದ ಹೂಬಳ್ಳಿ ಚಿತ್ತಾರದ ಹತ್ತಿಯ ಡೇರೆಯೊಂದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕ್ಲೈವ್ ಮನೆತನದ ಕೈಸೇರಿತು. ಇಂದು ಅದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಇಂಥವು ಡೇರೆಗಳೆನ್ನುವುದಕ್ಕಿಂತ ಬಟ್ಟೆಯ ಅರಮನೆಗಳು ಎನ್ನಬಹುದು.

ತನ್ನ ಮನೆಯನ್ನು ತಾನೇ ಸಾಗಿಸಬೇಕಾದವನ ದಾರಿ ಬೇರೆ. ಮಂಗೋಲಿಯಾದ ಪಶುಪಾಲಕರ 'ಗೇರ್' ಎಂಬ ಗುಂಡು ಮನೆಯನ್ನು ನೋಡಬೇಕು. ತೆಳ್ಳನೆಯ ಮರದ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ, ಕೂಡುವಲ್ಲಿ ಚರ್ಮದ ದಾರದಿಂದ ಗಂಟು ಹಾಕಿ ಮಾಡಿದ ಜಾಲರಿಯೇ ಅದರ ಗೋಡೆ. ಅಂಗಡಿ ಮುಂಗಟ್ಟುಗಳ ಜಾಲರಿ ಬಾಗಿಲಿನಂತೆ ಅದನ್ನು ಎಳೆದರೆ ಅಗಲವಾಗುತ್ತದೆ, ದೂಡಿದರೆ ಮಡಚಿಕೊಳ್ಳುತ್ತದೆ. ಮೇಲೆ ಉಣ್ಣೆಯ ಕಂಬಳಿ; ಸುತ್ತ ಬಿಗಿಯುವ ಹಗ್ಗ. ಈ ಹಗ್ಗ ಅಲಂಕಾರಕ್ಕಲ್ಲ. ಚಾವಣಿಯ ಭಾರ ಗೋಡೆಯನ್ನು ಹೊರಕ್ಕೆ ದೂಡುತ್ತದೆ, ಹಗ್ಗ ಒಳಕ್ಕೆ ಎಳೆಯುತ್ತದೆ. ಈ ಮನೆ ಕಟ್ಟುವ ಕುಶಲತೆಯನ್ನು ಯುನೆಸ್ಕೊ 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಳುಕುವ ಚೌಕಟ್ಟಿನ ಈ ಗುಟ್ಟು ಕನ್ನಡನಾಡಿಗೂ ಹೊಸದಲ್ಲ. ತುಂಗಭದ್ರೆಯ ಹರಿಗೋಲನ್ನು ನೋಡಿದವರಿಗೆ ಇದು ಗೊತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಬುಟ್ಟಿಯಂತೆ ಗುಂಡಗಿದ್ದು ಹೊರಗೆ ಚರ್ಮ ಹೊದ್ದ, ಹದಿನೈದು ಇಪ್ಪತ್ತು ಮಂದಿಯನ್ನು ಹೊರುವ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಬಗ್ಗಿಸಿದ ಬಿದಿರು, ಅದರ ಮೇಲೆ ಬಿಗಿದ ಚರ್ಮ. ಹರಿಗೋಲನ್ನು ದಡದಲ್ಲಿ ಮಗುಚಿ ಹಾಕಿದರೆ ಅದೇ ಒಂದು ಗುಡಾರ. ಬಿದಿರಿನ ದಬ್ಬೆಗಳನ್ನು ಬಗ್ಗಿಸಿ ಚಾವಣಿ ಮಾಡುತ್ತಿದ್ದ ಕಮಾನು ಬಂಡಿಯಲ್ಲಿ ಇದ್ದದ್ದೂ ಇದೇ ಉಪಾಯ.

ಆದರೆ ಯೂರೋಪಿನಲ್ಲಿ ಪರ್ವತಾರೋಹಣ ಹವ್ಯಾಸವಾಗಿ ಬೆಳೆದ ಕಾಲದಲ್ಲಿ ಡೇರೆಗಳು ನೆಟ್ಟಗಿನ ಕೋಲುಗಳನ್ನೇ ನೆಚ್ಚಿದ್ದವು. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲು ಏರಿದ ಎಡ್ವರ್ಡ್ ವಿಂಪರ್ ತಾವೇ ಒಂದು ಡೇರೆ ರೂಪಿಸಿದ್ದರು. ಎರಡೂ ಕೊನೆಗಳಲ್ಲಿ ಕತ್ತರಿಯಂತೆ ಕೂಡುವ ನಾಲ್ಕು ಮರದ ಕೋಲುಗಳು, ನೆಲಕ್ಕೂ ಸೇರಿಸಿ ಹೊಲಿದ ಬಟ್ಟೆ. ಹಗ್ಗವೂ ಸೇರಿ ತೂಕ ಸುಮಾರು 23 ಪೌಂಡ್, ಎಂದರೆ ಹತ್ತು ಕಿಲೋ ಮೀರಿತ್ತು. ಆ ಕಾಲಕ್ಕೆ ಅದೇ ಹಗುರ. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ತುದಿಯ ಕೆಳಗೆ ಕೊನೆಯ ರಾತ್ರಿ ಕಳೆದಾಗ, ಗೂಟ ಹೊಡೆಯಲು ನೆಲ ಸಿಗದೆ ಆಮ್ಲಜನಕದ ಸಿಲಿಂಡರುಗಳಿಗೆ ಡೇರೆಯ ಹಗ್ಗ ಕಟ್ಟಬೇಕಾಯಿತು. ನೆಟ್ಟನೆಯ ಕೋಲಿನ ಡೇರೆಯ ದೌರ್ಬಲ್ಯವೇ ಅದು. ಕೋಲನ್ನು ನಿಲ್ಲಿಸುವುದು ಹಗ್ಗ, ಹಗ್ಗವನ್ನು ಹಿಡಿಯುವುದು ಗೂಟ. ಗೂಟ ಕಿತ್ತರೆ ಎಲ್ಲವೂ ಮುಗಿಯಿತು.

ಇದಕ್ಕೆ ಪರಿಹಾರ ಮನೆಯಲ್ಲಿಯೇ ಕಾಣಸಿಗುತ್ತದೆ. ಪೊರಕೆಯಿಂದ ಒಂದು ತೆಂಗಿನ ಕಡ್ಡಿ ತೆಗೆದು, ಎರಡೂ ತುದಿಗಳನ್ನು ಬೆರಳುಗಳ ನಡುವೆ ಹಿಡಿದು ಒತ್ತಿ ನೋಡಿ. ಸ್ವಲ್ಪ ಹೊತ್ತು ನೆಟ್ಟಗಿದ್ದು, ಆಮೇಲೆ ಥಟ್ಟನೆ ಕಮಾನಾಗುತ್ತದೆ. ಎಷ್ಟು ಒತ್ತಿದರೆ ಹೀಗಾಗುತ್ತದೆ ಎಂಬುದರ ಗಣಿತವನ್ನು ಸ್ವಿಸ್ ಗಣಿತಜ್ಞ ಆಯ್ಲರ್ 1744ರಲ್ಲಿ ಕೊಟ್ಟರು. ಕಟ್ಟಡದ ಇಂಜಿನಿಯರಿಗೆ ಕಂಬ ಹೀಗೆ ಬಾಗುವುದೆಂದರೆ ಅನಾಹುತ. ಡೇರೆಯ ವಿನ್ಯಾಸಕಾರನಿಗೆ ಅದೇ ವರ. ಬಾಗಿದ ಕಡ್ಡಿ ಮತ್ತೆ ನೆಟ್ಟಗಾಗಲು ಹವಣಿಸುತ್ತಲೇ ಇರುತ್ತದೆ. ಆ ಹವಣಿಕೆಯನ್ನು ಬಟ್ಟೆ ತಡೆದು ಹಿಡಿದರೆ, ಕಡ್ಡಿಯಿಂದ ಬಟ್ಟೆ ಬಿಗಿಯಾಗುತ್ತದೆ, ಬಟ್ಟೆಯಿಂದ ಕಡ್ಡಿ ನಿಲ್ಲುತ್ತದೆ. ಬಿಲ್ಲು ಮತ್ತು ಹೆದೆಯ ಸಂಬಂಧ ಇದು. ಹೆದೆಯೇರಿಸದ ಬಿಲ್ಲು ಬರಿಯ ಕೋಲು. ಬಿಲ್ಲಿಲ್ಲದ ಹೆದೆ ಬರಿಯ ದಾರ.

ಈ ತತ್ತ್ವವನ್ನು ಆಧುನಿಕ ಡೇರೆಗೆ ತಂದವರಲ್ಲಿ ಅಮೆರಿಕದ ಬಿಲ್ ಮಾಸ್ ಮುಖ್ಯರು. ಅವರು ಇಂಜಿನಿಯರ್ ಅಲ್ಲ, 'ಫೋರ್ಡ್ ಟೈಮ್ಸ್' ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಕಲಾವಿದ. 1955ರಲ್ಲಿ ಅವರು ರೂಪಿಸಿದ 'ಪಾಪ್ ಟೆಂಟ್' ಗಾಜಿನಾರಿನ, ಎಂದರೆ ಫೈಬರ್‌ಗ್ಲಾಸಿನ, ಬಳುಕುವ ಕಡ್ಡಿಗಳ ಮೇಲೆ ಕೊಡೆಯಂತೆ ಅರಳಿ ನಿಲ್ಲುವ ಗುಮ್ಮಟವಾಗಿತ್ತು. ಅದೇ ವರ್ಷ ಜರ್ಮನಿಯ ವಾಸ್ತುಶಿಲ್ಪಿ ಫ್ರೈ ಒಟೊ ಕಾಸೆಲ್ ನಗರದ ಉದ್ಯಾನ ಪ್ರದರ್ಶನದಲ್ಲಿ ಸಂಗೀತಗಾರರಿಗಾಗಿ ಒಂದು ಬಟ್ಟೆಯ ಚಾವಣಿ ಮಾಡಿದರು. ಸಪಾಟಾಗಿ ಹರಡಿದ ಬಟ್ಟೆ ಗಾಳಿಗೆ ಪಟಪಟಿಸಿ ಹರಿಯುತ್ತದೆ. ಕುದುರೆಯ ಜೀನಿನಂತೆ ಒಂದು ಕಡೆಗೆ ಮೇಲಕ್ಕೂ ಇನ್ನೊಂದು ಕಡೆಗೆ ಕೆಳಕ್ಕೂ ಬಾಗಿದ ಬಟ್ಟೆ ಬಿಗಿಯಾಗಿ ಸದ್ದಿಲ್ಲದೆ ನಿಲ್ಲುತ್ತದೆ ಎಂಬುದನ್ನು ಒಟೊ ಅವರ ಕೆಲಸ ತೋರಿಸಿತು. ಹಗುರ ಡೇರೆಗೆ ಕಡ್ಡಿಯ ಲೆಕ್ಕ ಎಷ್ಟು ಮುಖ್ಯವೋ ದರ್ಜಿಯ ಕತ್ತರಿಯೂ ಅಷ್ಟೇ ಮುಖ್ಯ.

ಮೂರನೆಯ ಕೊಡುಗೆ ಬಕ್‌ಮಿನ್‌ಸ್ಟರ್ ಫುಲ್ಲರ್ ಅವರದು. ತ್ರಿಕೋನಗಳನ್ನು ಜೋಡಿಸಿ ಕಟ್ಟುವ ಗುಮ್ಮಟಕ್ಕೆ ಅವರು 1954ರಲ್ಲಿ ಪೇಟೆಂಟ್ ಪಡೆದಿದ್ದರು. ಈ ವಿಚಾರದಿಂದ ಪ್ರೇರಿತರಾದ ಕ್ಯಾಲಿಫೋರ್ನಿಯಾದ ಯುವ ವಿನ್ಯಾಸಕಾರರು 'ನಾರ್ತ್ ಫೇಸ್' ಕಂಪನಿಗಾಗಿ ರೂಪಿಸಿದ 'ಓವಲ್ ಇನ್‌ಟೆನ್ಷನ್' ಎಂಬ ಡೇರೆ 1975ರಲ್ಲಿ ಹೊರಬಂತು. ಬಾಗಿದ ಕಡ್ಡಿಗಳು ಒಂದನ್ನೊಂದು ಹಲವು ಕಡೆ ದಾಟುತ್ತ ತ್ರಿಕೋನಗಳಾಗುತ್ತವೆ. ಇದರ ಲಾಭವನ್ನು ಆಯ್ಲರ್ ಸೂತ್ರವೇ ಹೇಳುತ್ತದೆ: ಆಧಾರವಿಲ್ಲದ ಉದ್ದ ಅರ್ಧವಾದರೆ ಕಡ್ಡಿ ತಾಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಕಡ್ಡಿಯನ್ನು ದಪ್ಪ ಮಾಡದೆಯೇ ಡೇರೆ ಗಟ್ಟಿಯಾಯಿತು. ಗೂಟವಿಲ್ಲದೆಯೂ ಅದು ತಾನೇ ನಿಲ್ಲಬಲ್ಲದಾಯಿತು. ಆದರೂ ಗಾಳಿಯಲ್ಲಿ ಗೂಟ ಬೇಕೇ ಬೇಕು. ಇಲ್ಲದಿದ್ದರೆ ನಿಂತ ಆಕಾರದಲ್ಲಿಯೇ ಹಾರಿಹೋಗುತ್ತದೆ.

ಇಂಥ ಡೇರೆಯೊಂದನ್ನು ರೂಪಿಸಹೊರಟವರು ಲೆಕ್ಕ ಹಾಕುವುದು ಹೇಗೆ? ಎರಡು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಅರೆವೃತ್ತದ ಕಮಾನು ಬೇಕೆನ್ನೋಣ. ಕಡ್ಡಿಯ ಉದ್ದ ಸುಮಾರು 3.14 ಮೀಟರ್ ಆಗುತ್ತದೆ. ಇದನ್ನು 45 ಸೆಂಟಿಮೀಟರಿನ ಏಳು ತುಂಡುಗಳಾಗಿ ಮಾಡಿದರೆ ಬೆನ್ನಚೀಲದಲ್ಲಿ ಹಿಡಿಸುತ್ತದೆ. ಇನ್ನು ದಪ್ಪ ಎಷ್ಟು? ಬಾಗಿದ ಕಡ್ಡಿಯ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ದಪ್ಪದ ಅರ್ಧವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಹಿಗ್ಗಿನ ಪ್ರಮಾಣ ಸಿಗುತ್ತದೆ. 9 ಮಿಲಿಮೀಟರ್ ದಪ್ಪದ ಕೊಳವೆ ಒಂದು ಮೀಟರ್ ತ್ರಿಜ್ಯಕ್ಕೆ ಬಾಗಿದಾಗ ಶೇ. 0.45ರಷ್ಟು ಹಿಗ್ಗುತ್ತದೆ. ವಿಮಾನಗಳಿಗೆಂದು ಬೆಳೆದ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ ಸುಮಾರು ಶೇ. 0.7ರವರೆಗೆ ಹಿಗ್ಗಿ ಮತ್ತೆ ಮೊದಲಿನಂತಾಗಬಲ್ಲದು. ಆದ್ದರಿಂದ ಇದು ಕ್ಷೇಮ. ಗಾಳಿ ಇನ್ನಷ್ಟು ಬಗ್ಗಿಸಲೂ ಅವಕಾಶವಿದೆ. ಗಟ್ಟಿಯಾಗಿರಲಿ ಎಂದು 18 ಮಿಲಿಮೀಟರ್ ಕೊಳವೆ ಹಾಕಿದರೆ ಹಿಗ್ಗು ಶೇ. 0.9, ಕೊಳವೆ ಡೊಂಕಾಗಿಯೇ ಉಳಿಯುತ್ತದೆ. ದಪ್ಪ ಹೆಚ್ಚಿದಂತೆ ಡೇರೆ ಬಲವಾಗುತ್ತದೆಂಬ ಸಾಮಾನ್ಯ ಬುದ್ಧಿ ಇಲ್ಲಿ ಸೋಲುತ್ತದೆ.

ಫೈಬರ್‌ಗ್ಲಾಸ್ ಕಡ್ಡಿ ಇನ್ನೂ ಹೆಚ್ಚು ಬಾಗುತ್ತದೆ, ಅಗ್ಗವೂ ಹೌದು. ಆದರೆ ಅದೇ ಬಿಗಿ ಬರಬೇಕಾದರೆ ಹೆಚ್ಚು ಸಾಮಗ್ರಿ ಬೇಕು, ತೂಕ ಏರುತ್ತದೆ. ಮುರಿದರೆ ಸಿಪ್ಪೆಸಿಪ್ಪೆಯಾಗಿ ಸೀಳುತ್ತದೆ. ಕಾರಿನಲ್ಲಿ ಒಯ್ಯುವವರಿಗೆ ಅದು ಸಾಕು, ಬೆನ್ನಮೇಲೆ ಹೊರುವವರಿಗೆ ಅಲ್ಯೂಮಿನಿಯಂ ಮೇಲು.

ತುಂಡುಗಳನ್ನು ಕೂಡಿಸಲು ಕೊಳವೆಯೊಳಗೆ ರಬ್ಬರಿನ ಎಲಾಸ್ಟಿಕ್ ದಾರ ಓಡಿಸುತ್ತಾರೆ. ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳುಗಳಲ್ಲಿಯೂ ತುಂಡುಗಳು ತಾವೇ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಮಡಚುವಾಗ ನಡುವಿನಿಂದ ಆರಂಭಿಸಿದರೆ ದಾರ ಎರಡೂ ಕಡೆ ಸಮನಾಗಿ ಎಳೆಯಲ್ಪಡುತ್ತದೆ. ಕಡ್ಡಿ ಮುರಿಯುವುದು ಬಹುಮಟ್ಟಿಗೆ ಜೋಡಣೆಯ ಬಾಯಲ್ಲಿ, ಒಂದು ತುಂಡು ಇನ್ನೊಂದರಲ್ಲಿ ಪೂರ್ತಿ ಕೂರದಿದ್ದಾಗ. ಅದಕ್ಕಾಗಿಯೇ ಒಳ್ಳೆಯ ಡೇರೆಯ ಜೊತೆಗೆ ಮುರಿದ ಜಾಗಕ್ಕೆ ತೊಡಿಸುವ ಒಂದು ಸಣ್ಣ ಕೊಳವೆಯನ್ನೂ ಇಟ್ಟಿರುತ್ತಾರೆ.

ಬಟ್ಟೆಯ ಕಥೆಯೂ ಸ್ವಾರಸ್ಯದ್ದು. 1935ರಲ್ಲಿ ಡ್ಯುಪಾಂಟ್ ಕಂಪನಿಯ ವ್ಯಾಲೇಸ್ ಕ್ಯಾರೊಥರ್ಸ್ ತಯಾರಿಸಿದ ನೈಲಾನ್ ಯುದ್ಧಕಾಲದಲ್ಲಿ ಪ್ಯಾರಾಚೂಟ್ ಆಯಿತು, ಮುಂದೆ ಡೇರೆಯಾಯಿತು. ನಡುನಡುವೆ ದಪ್ಪ ಎಳೆಗಳ ಚೌಕುಳಿ ನೇಯ್ದರೆ ಸಣ್ಣ ತೂತು ದೊಡ್ಡ ಹರಕಾಗದೆ ಅಲ್ಲಿಗೇ ನಿಲ್ಲುತ್ತದೆ. ಆದರೆ ನೀರು ಒಳಬರದ ಬಟ್ಟೆ ಉಸಿರಿನ ಹಬೆಯನ್ನೂ ಹೊರಬಿಡುವುದಿಲ್ಲ. ಬೆಳಗಾಗುವುದರೊಳಗೆ ಒಳಗೇ ಹನಿ ತೊಟ್ಟಿಕ್ಕುತ್ತದೆ. ಹಾಗಾಗಿ ಗಾಳಿಯಾಡುವ ಒಳಡೇರೆ, ನೀರು ತಡೆಯುವ ಹೊರಹೊದಿಕೆ ಎಂಬ ಎರಡು ಪದರ ಬೇಕಾಯಿತು. ಇಷ್ಟೆಲ್ಲ ಇದ್ದೂ ಇಂದು ಇಬ್ಬರು ಮಲಗುವ ಡೇರೆ ಎರಡು ಕಿಲೋಗಿಂತ ಕಡಿಮೆ ತೂಗಬಲ್ಲದು.

ಹಗುರವೇ ಎಲ್ಲ ಕಡೆಯೂ ಸರಿ ಎನ್ನುವಂತಿಲ್ಲ. ಭೂಕಂಪ, ಯುದ್ಧಗಳಲ್ಲಿ ನೆಲೆ ಕಳೆದುಕೊಂಡ ಸಂಸಾರಕ್ಕೆ ಡೇರೆ ತಿಂಗಳುಗಟ್ಟಲೆ ಮನೆಯಾಗಬೇಕು. ಬಿಸಿಲಿಗೆ ನೈಲಾನ್ ಶಕ್ತಿ ಕುಂದುತ್ತದೆ. ತೆಳ್ಳನೆಯ ಬಟ್ಟೆ ಮಕ್ಕಳ ಓಡಾಟಕ್ಕೆ, ಒಲೆಯ ಕಿಡಿಗೆ ತಾಳದು. ಆದ್ದರಿಂದ ಪರಿಹಾರ ಶಿಬಿರಗಳ ಡೇರೆಗಳು ಈಗಲೂ ದಪ್ಪ ಬಟ್ಟೆಯವು, ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರದವು. ಯಾರು ಹೊರುತ್ತಾರೆ, ಎಷ್ಟು ದಿನ ಬಾಳಬೇಕು ಎಂಬ ಪ್ರಶ್ನೆಗಳನ್ನು ಕೇಳದೆ ಗೆರೆ ಎಳೆಯುವ ವಿನ್ಯಾಸಕಾರ ಚೆಂದದ ಆಟಿಕೆ ಮಾಡಬಲ್ಲ, ಮನೆ ಮಾಡಲಾರ.

ಇನ್ನು ಕೇಪ್ ಕ್ರೋಜಿಯರಿನ ಡೇರೆಗೆ ಮರಳೋಣ. ಅದರ ಬಿದಿರಿನ ಗಳುಗಳು ತುದಿಯಲ್ಲಿ ಒಟ್ಟಿಗೆ ಕೂಡಿಕೊಂಡಿದ್ದವು. ಗಾಳಿ ಅದನ್ನು ನೆಲದಿಂದ ಕಿತ್ತೊಡನೆ ಗಳುಗಳ ಬುಡಗಳು ಒಂದೆಡೆ ಸೇರಿ, ಡೇರೆ ಮುಚ್ಚಿದ ಕೊಡೆಯಂತಾಯಿತು. ಗಾಳಿಗೆ ಹಿಡಿಯಲು, ಹರಿಯಲು ಏನೂ ಸಿಗಲಿಲ್ಲ. ಬಿಗಿದು ಕಟ್ಟಿದ್ದ ಗೂಡಿನ ಕ್ಯಾನ್ವಾಸ್ ಎದುರಿಸಿ ಚಿಂದಿಯಾಯಿತು. ಮಡಚಿಕೊಂಡ ಡೇರೆ ಉಳಿದು ಮೂವರನ್ನೂ ಉಳಿಸಿತು. ಅವರು ಮೂರು ಮೊಟ್ಟೆಗಳೊಂದಿಗೆ ಶಿಬಿರಕ್ಕೆ ಮರಳಿದರು.

ಮರುವರ್ಷ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ವಿಲ್ಸನ್ ಮತ್ತು ಬವರ್ಸ್, ಸ್ಕಾಟ್ ಅವರ ಜೊತೆ ಇನ್ನೊಂದು ಡೇರೆಯೊಳಗೆ ಹಸಿವು ಚಳಿಗಳಿಂದ ಸತ್ತರು. 1912ರ ನವೆಂಬರಿನಲ್ಲಿ ಅವರನ್ನು ಹುಡುಕಿ ಹೋದವರಲ್ಲಿ ಚೆರಿ-ಗೆರಾರ್ಡ್ ಕೂಡ ಇದ್ದರು. ಎಂಟು ತಿಂಗಳ ಹಿಮಗಾಳಿಯನ್ನು ತಾಳಿ ಆ ಡೇರೆ ಇನ್ನೂ ನಿಂತೇ ಇತ್ತು. ಹುಡುಕಿ ಹೋದವರು ಒಳಗಿನ ಬಿದಿರಿನ ಗಳುಗಳನ್ನು ತೆಗೆದು, ಬಟ್ಟೆಯನ್ನು ಸತ್ತವರ ಮೇಲೆ ಇಳಿಬಿಟ್ಟು, ಮೇಲೆ ಹಿಮದ ಗೋರಿ ಕಟ್ಟಿ ಬಂದರು.